ಱ, ೞ, ನಕಾರಪೊಲ್ಲು: ವಿದ್ಯಾಗ್ರಂಥಗಳ ಉಪಕರಣಗಳಲ್ಲಿ ಬಳಸುವವರ ಮಾತಿನ ಚರಿತ್ರೆ

ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಲಿನ ಎರೆಯ ನಾಡು ಶಿಲಾಶಾಸನಗಳಿಗೆ ಹೆಸರಾದುದು. ನರೇಗಲ್ಲಿನಲ್ಲಿ ಗಂಗರ ಇಮ್ಮಡಿ ಬೂತುಗನ ರಾಣಿಯಾದ ಪದ್ಮಬ್ಬರಸಿಯು ೯೫೦ರಲ್ಲಿ ಕಟ್ಟಿಸಿದ ಬಸದಿಯುಂಟು. ಸೂಡಿಯು ಕಿಸುಕಾಡು ಎಪ್ಪತ್ತೆಂಬ ವಿಭಾಗದ ಮುಖ್ಯಸ್ಥಳಗಳಲ್ಲೊಂದಾಗಿದ್ದು, ಚಾಲುಕ್ಯವಂಶದ ಅಕ್ಕಾದೇವಿಯು ೧೦೧೦ರಲ್ಲಿ ಆ ನಾಡನ್ನು ಆಳುತ್ತಿದ್ದಳೆಂಬದು ಅಲ್ಲಿಯ ಕಲ್ಲಿನಿಂದಲೇ ತಿಳಿಯುವದು. ೧೦೫೦-೫೧ರ ಇನ್ನೊಂದು ಶಾಸನದಲ್ಲಿ ಸೂಡಿಯ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಆಕೆಯು ಮಾಡಿಕೊಟ್ಟ ಕಟ್ಟಳೆಯ ವಿಷಯವು ಬರುವದು. ಈ ಕಲ್ಲುಗಳ ಐತಿಹಾಸಿಕ ಮಹತ್ವವನ್ನು ಪಂಡಿತರು ಹಲವು ಸಲ ವಿವರಿಸಿರುವರು. ಇಲ್ಲಿ ವಿಚಾರಿಸತಕ್ಕ ಸಂಗತಿಯು ಅದಕ್ಕಿಂತ ಚಿಕ್ಕದು. ಆದರೆ ಅದು ಕೂಡದೆ ಆ ಮಹತ್ವವು ಶಾಲೆಯ ಹುಡುಗರ ಕಣ್ಣಿಗೆ ಬೀಳುವಂತಿಲ್ಲ. ಸೂಡಿಯ ಕಲ್ಲಿನ ಮಾತನ್ನು ಅಕ್ಷರಕ್ಕೆ ಅಕ್ಷರ ಸರಿಯಾಗಿ ಕನ್ನಡ ಲಿಪಿಯಲ್ಲಿಯೇ ಅಚ್ಚು ಹಾಕುವದಕ್ಕೆ ಬೇಕಾದ ಉಪಕರಣವು ಯಾರ ಮಾತಿನಿಂದ, ಯಾವ ಕ್ರಮದಿಂದ ಸಿದ್ಧವಾಯಿತು ಎಂಬದೇ ಆ ಸಂಗತಿ.

ಹಳಗನ್ನಡದಲ್ಲಿ 'ಎಪ್ಪತ್ತು' ಎಂಬ ಶಬ್ದದ ರೂಪವು 'ಎೞ್ಪತ್ತು'. ಏೞು, ಪತ್ತು ಎಂಬೆರಡು ಕೂಡಿ ಆದುದು. ಹಾಗೆಯೇ ನೂಱು, ಆಱು, ಕೆಱೆ, ಅಱಿ ಎಂಬಲ್ಲಿ ಶಕಟರೇಫವೂ, ಮೞೆ, ಬಾೞ್, ಪೊೞ್ತು ಎಂಬಲ್ಲಿ ರಳವೂ ಇರುವವು. ಇವೆರಡೂ ಇಂದಿನ ಶಾಲೆಯ ವರ್ಣಮಾಲೆಯಲ್ಲಿ ಇಲ್ಲ. ಹತ್ತು ಹನ್ನೊಂದನೆಯ ಶತಮಾನಗಳಿಂದಲೇ ರಳದ ಸ್ಥಾನದಲ್ಲಿ ಳಕಾರವೂ ರೇಫವೂ ಬರಹತ್ತಿದವು. ಶಕಟರೇಫವು ಇನ್ನೂ ಕೆಲವು ಕಾಲ ಬಾಳಿತು. ಕೇಶಿರಾಜನು ಸುಮಾರು ೧೨೬೦ರಲ್ಲಿ ಶಬ್ದಮಣಿದರ್ಪಣವನ್ನು ರಚಿಸುವ ಹೊತ್ತಿಗೆ ರಳ, ಕುಳ, ಕ್ಷಳಗಳ ಭೇದವು ಕಿವಿಗೆ ತಿಳಿಯುವಂಥದಾಗಿ ಉಳಿದಿರಲಿಲ್ಲವೆಂದು ಊಹಿಸಬೇಕು. ಇಲ್ಲದಿದ್ದರೆ ಯಾವ ಶಬ್ದದಲ್ಲಿ ಯಾವುದು ಬರಬೇಕೆಂದು ಪಟ್ಟಿಯನ್ನು ಕೊಡುವ ಕಾರಣವೇ ಇರುತ್ತಿರಲಿಲ್ಲ. ಬಳಸುವವರು ತೊಡಕಿಗೆ ಸಿಕ್ಕಿದಾಗಲೇ ಶಾಸ್ತ್ರಕಾರನು ಲೇಖನಿಯನ್ನು ಹಿಡಿಯುವನು.

ಕಲ್ಲಿನ ಕಾಲದಲ್ಲಿ ಉಪಕರಣವೆಂದರೆ ಉಳಿ. ಅದು ಬರೆದುಕೊಟ್ಟವನ ಮಾತನ್ನು ಹಾಗೆಯೇ ಕೇಳುವದು. ಬೇಕಾದ ಅಕ್ಷರವನ್ನು ರೂವಾರಿಯು ಕಡೆಯುವನು. ಓಲೆಗರಿಯ ಕಂಟದ ವಿಷಯದಲ್ಲಿಯೂ ಹಾಗೆಯೇ. ಉಪಕರಣವು ಬಳಸುವವನಿಂದ ಬೇರೆಯಾಗಿ ಮೂರನೆಯವನ ಕೈಗೆ ಹೋದದ್ದು ಸೀಸದ ಮೊಳೆಗಳು ಬಂದಂದಿನಿಂದ. ಅಚ್ಚಿನ ಪೆಟ್ಟಿಗೆಯಲ್ಲಿ ಇಲ್ಲದ ಅಕ್ಷರವನ್ನು ಯಾವ ಪಂಡಿತನೂ ಹಾಳೆಯ ಮೇಲೆ ಮೂಡಿಸಲಾರನು. ಶ್ರೀರಾಮಪುರದಲ್ಲಿ ಕೇರಿಯು ೧೮೧೭ರಲ್ಲಿ ಕನ್ನಡದ ವ್ಯಾಕರಣವನ್ನು ಪ್ರಕಟಿಸಿದಂದಿನಿಂದ ಈ ಸ್ಥಿತಿಯು ಪ್ರಾಪ್ತವಾಯಿತು. ಮಂಗಳೂರಿನ ಬಾಸೆಲ್ ಮಿಶನ್ನಿನವರು ಮೊದಲು ಕಲ್ಲಚ್ಚನ್ನೇ ಇಟ್ಟುಕೊಂಡಿದ್ದರು. ೧೮೪೩ರ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನದೇ. ಕಲ್ಲಚ್ಚಿನಲ್ಲಿ ಕೈಬರಹದ ಸ್ವಾತಂತ್ರ್ಯವು ಉಳಿದಿತ್ತೆಂಬದನ್ನು ಮುದ್ರಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮರೆಯುವರು.

ಶಬ್ದಮಣಿದರ್ಪಣವು ಜಾನ್ ಗ್ಯಾರೆಟ್ಟರಿಂದ ೧೮೬೮ರಲ್ಲಿ ಬೆಂಗಳೂರಲ್ಲಿಯೂ, ಕಿಟ್ಟೆಲ್ಲರಿಂದ ೧೮೭೨ರಲ್ಲಿ ಮಂಗಳೂರಲ್ಲಿಯೂ ಅಚ್ಚಾಯಿತು. ರಳವಿಲ್ಲದೆ ರಳಪ್ರಕರಣವನ್ನು ಅಚ್ಚು ಹಾಕುವದು ಹೇಗೆ? ವ್ಯಾಕರಣವನ್ನು ಪ್ರಕಟಿಸಬೇಕೆಂಬವರ ಅಗತ್ಯವೇ ಮೊಳೆಯನ್ನು ಪೆಟ್ಟಿಗೆಗೆ ತಂದಿತು. ೧೮೯೪ರ ಕಿಟ್ಟೆಲ್ ನಿಘಂಟುವಿನಲ್ಲಿ ಈ ಅಕ್ಷರಗಳಿಗೆ ಯಥಾಸ್ಥಾನವು ದೊರೆತಿದೆ. ಆದರೆ ಶಾಲಾಪುಸ್ತಕಗಳನ್ನು ಅಚ್ಚು ಹಾಕುವ ಮುದ್ರಣಾಲಯಗಳಿಗೆ ಆ ಅಗತ್ಯವಿರಲಿಲ್ಲ. ಅದರಿಂದ ಪೆಟ್ಟಿಗೆಯಲ್ಲಿ ಆ ಮನೆಗಳು ಬರಿದಾಗಿಯೇ ಉಳಿದವು.

ಶಾಸನಗಳ ವಿಷಯದಲ್ಲಿ ಎರಡು ಮಾರ್ಗಗಳು ನಡೆದವು. ಧಾರವಾಡ ಪ್ರಾಂತದಲ್ಲಿ ಅಧಿಕಾರಿಯಾಗಿದ್ದು, ೧೮೨೪ರ ಕಿತ್ತೂರಿನ ಹೋರಾಟದಲ್ಲಿ ಸೆರೆಯಾಗಿದ್ದ ವಾಲ್ಟರ್ ಎಲಿಯಟ್ಟರು ಸುಮಾರು ೬೦೦ ಶಾಸನಗಳ ನಕಲುಗಳನ್ನು ಕೂಡಿಸಿದರು. ತರುವಾಯ ಫ್ಲೀಟರು, ಬಾರ್ನೆಟ್ಟರು ಮೊದಲಾದವರು ಪಾಠಗಳನ್ನು ರೋಮನ್ ಲಿಪಿಯಲ್ಲಿ ಪ್ರಕಟಿಸಿದರು. ಸೂಡಿಯ ಶಾಸನಗಳು ಬಾರ್ನೆಟ್ಟರಿಂದ 'ಎಪಿಗ್ರಾಫಿಯಾ ಇಂಡಿಕಾ'ದ ಹದಿನೈದನೆಯ ಸಂಪುಟದಲ್ಲಿ ಬಂದುದು ಹೀಗೆಯೇ. ಅಕ್ಷರದ ಕೆಳಗೆ ಚುಕ್ಕೆ ಗೆರೆಗಳನ್ನಿಟ್ಟು ಲಕಾರಭೇದಗಳನ್ನೂ ರೇಫಭೇದಗಳನ್ನೂ ತೋರಿಸುವ ಈ ಕ್ರಮವು ವಿದ್ವಾಂಸರಿಗೆ ಸಾಕಾಗುವದು. ಸೂಡಿಯ ಊರವನಿಗಾದರೋ ತನ್ನ ಗುಡಿಯ ಕಲ್ಲು ಪರದೇಶದ ಲಿಪಿಯಲ್ಲಿ ಮಾತಾಡುವದನ್ನು ಕಂಡು ಆಗುವ ಲಾಭವು ಅತ್ಯಲ್ಪವು. ಇನ್ನೊಂದು ಮಾರ್ಗವು ದಕ್ಷಿಣ ಭಾರತ ಶಾಸನಗಳ ಗ್ರಂಥಮಾಲೆಯದು. ಅದರ ಹನ್ನೊಂದನೆಯ ಸಂಪುಟದ ಮೊದಲ ಭಾಗದಲ್ಲಿ, ೧೯೪೦ರಲ್ಲಿ, ಮುಂಬಯಿ ಕರ್ನಾಟಕದ ಶಾಸನಗಳು ಕನ್ನಡ ಲಿಪಿಯಲ್ಲಿಯೇ ಪ್ರಕಟವಾದವು. ಈ ಎರಡನೆಯದೇ ಶ್ರೇಷ್ಠವಾದ ಮಾರ್ಗವೆನ್ನಬೇಕು.

ಗಣಕಯಂತ್ರದ ಕಾಲಕ್ಕೆ ಬಂದರೆ ಹಳೆಯ ತೊಡಕು ಹೊಸ ವೇಷದಿಂದ ಎದುರಾಗುವದು. ಯಂತ್ರವು ಅಕ್ಷರವನ್ನು ಅಂಕಿಯಾಗಿ ತಿಳಿಯುವದು. ಯಾವ ಅಕ್ಷರಕ್ಕೆ ಯಾವ ಅಂಕಿಯೆಂಬದನ್ನು ಎಲ್ಲರೂ ಒಪ್ಪಿದ ಹೊರತು ಒಂದು ಯಂತ್ರದ ಬರಹವನ್ನು ಇನ್ನೊಂದು ಓದದು. ಭಾರತ ಸರಕಾರದ 'ಇಸ್ಕಿ' ಎಂಬ ಸಂಕೇತಕ್ರಮವು ೧೯೮೮ರಲ್ಲಿಯೂ, ತಿದ್ದುಪಡಿಯಾಗಿ ೧೯೯೧ರಲ್ಲಿಯೂ ಬಂದಿತು. ಅದನ್ನಾಧರಿಸಿ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಕ್ರಮವನ್ನು ಕೊಡಹೊರಟ 'ಯುನಿಕೋಡ್' ೧೯೯೧ರಲ್ಲಿಯೇ ಕನ್ನಡಕ್ಕೂ ಒಂದು ಕೋಷ್ಟಕವನ್ನು ಏರ್ಪಡಿಸಿತು. ಭಾರತೀಯ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳಾದುದರಿಂದ, ನಾಗರಿಯ ಕೋಷ್ಟಕದಲ್ಲಿ ಕಕಾರವು ಎಷ್ಟನೆಯ ಮನೆಯಲ್ಲಿರುವದೋ ಕನ್ನಡದ ಕಕಾರವೂ ಅಷ್ಟನೆಯ ಮನೆಯಲ್ಲಿರಬೇಕೆಂಬ ನಿಯಮವನ್ನು ಅವರು ಹಿಡಿದರು. ನಿಯಮವು ಅಂದವಾದುದು. ಆದರೆ ಅಂದವಾದ ನಿಯಮಗಳು ಕೆಲವು ಸಲ ಅಪಭ್ರಂಶಕ್ಕೆ ಕಾರಣವಾಗುವವು.

ಶಕಟರೇಫಕ್ಕೆ ಸರಿಯಾದ ಮನೆಯೂ ಸರಿಯಾದ ಹೆಸರೂ ದೊರೆತವು. ರಳಕ್ಕೆ ಮನೆಯು ದೊರೆಯಿತು, ಹೆಸರು ಕೆಟ್ಟಿತು. ರಳವು ಕುಳಿತ ಮನೆಯ ಸಂಖ್ಯೆಯು ನಾಗರಿಯ ಕೋಷ್ಟಕದಲ್ಲಿ ಫಾರಸಿ ಶಬ್ದಗಳಿಗಾಗಿ ಚುಕ್ಕೆಯಿಟ್ಟು ಬರೆಯುವ ಫ಼ಕಾರದ ಮನೆಯ ಸಂಖ್ಯೆಯೇ ಆಗಿದೆ. ಕನ್ನಡದ ರಳಕ್ಕೆ ಕೋಷ್ಟಕದಲ್ಲಿ ಇಟ್ಟ ಹೆಸರು 'ಕನ್ನಡ ಲೆಟರ್ ಫ'. ಆಕಾರವು ರಳದ್ದು, ನಾಮಧೇಯವು ಯವನದ್ದು! ಕನ್ನಡವನ್ನು ಬಲ್ಲ ಒಬ್ಬನನ್ನು ಆಗ ಕೇಳಿದ್ದರೆ ಕ್ಷಣಮಾತ್ರದಲ್ಲಿ ತಿದ್ದಬಹುದಾಗಿದ್ದ ತಪ್ಪಿದು. ತರುವಾಯ ಬಳಸುವವರು ಇದನ್ನು ಎತ್ತಿ ತೋರಿಸಿದರು. ತಪ್ಪೆಂದು ಅವರೂ ಒಪ್ಪಿದರು. ಆದರೆ ಅಷ್ಟರಲ್ಲಿ, ೧೯೯೬ರ ಎರಡನೆಯ ಆವೃತ್ತಿಯಿಂದ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸತಕ್ಕದ್ದಲ್ಲವೆಂಬ ಕಟ್ಟಳೆಯು ನಿಂತುಬಿಟ್ಟಿತ್ತು. ಆ ಕಟ್ಟಳೆಗೂ ಕಾರಣವುಂಟು: ಹೆಸರನ್ನು ನಂಬಿ ಕಟ್ಟಿದ ತಂತ್ರಾಂಶಗಳು ಹೆಸರು ಬದಲಾದರೆ ಕೆಡುವವು. ಅದರಿಂದ ಮೂಲನಾಮವು ಹಾಗೆಯೇ ಉಳಿದು, ತಿದ್ದಿದ ಪರ್ಯಾಯನಾಮವೊಂದು ಅದರ ಮಗ್ಗುಲಲ್ಲಿ ದಾಖಲಾಯಿತು. ಹೀಗಾಗಿ ಇಂದಿಗೂ ಸೂಡಿಯ 'ಎೞ್ಪತ್ತ'ನ್ನು ಯಂತ್ರದಲ್ಲಿ ಬರೆದು, ಅದರ ಎರಡನೆಯ ಅಕ್ಷರವು ಯಾವುದೆಂದು ಕೋಷ್ಟಕವನ್ನು ಕೇಳಿದರೆ ಫಕಾರವೆಂಬ ಉತ್ತರವೇ ಮೊದಲು ಬರುವದು. ಮಾತು ಹೊತ್ತು ಮೀರಿ ಬಂದರೆ ಎಷ್ಟು ಫಲಿಸುವದೆಂಬದಕ್ಕೆ ಇದು ಅಳತೆಯು.

ಹೊತ್ತಿಗೆ ಬಂದ ಮಾತುಗಳ ಚರಿತ್ರೆಯು ಇದಕ್ಕಿಂತ ಸಂತೋಷಕರವಾದುದು. ಸಂಸ್ಕೃತಗ್ರಂಥಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುವವರಿಗೆ ಅವಗ್ರಹವಿಲ್ಲದೆ ನಡೆಯದು. ಅವಗ್ರಹವೂ, ಪರಭಾಷೆಯ ಧ್ವನಿಗಳಿಗಾಗಿ ಕೆಳಗೆ ಇಡುವ ಚುಕ್ಕೆಯೂ ೨೦೦೩ರ ನಾಲ್ಕನೆಯ ಆವೃತ್ತಿಯಲ್ಲಿ ಸೇರಿದವು. ಕಖಗಳ ಮುಂಚೆ ಬರುವ ಜಿಹ್ವಾಮೂಲೀಯ, ಪಫಗಳ ಮುಂಚೆ ಬರುವ ಉಪಧ್ಮಾನೀಯಗಳು ೨೦೦೬ರಲ್ಲಿ ಬಂದವು. ಚಂದ್ರಬಿಂದುವು ೨೦೧೪ರಲ್ಲಿಯೂ, ವೇದಪಾಠಗಳಲ್ಲಿ ಬೇರೆಯಾಗಿ ನಿಲ್ಲುವ ಚಂದ್ರಬಿಂದುವು ೨೦೧೬ರಲ್ಲಿಯೂ ಸೇರಿದವು. ೨೦೨೧ರಲ್ಲಿ ನಕಾರಪೊಲ್ಲು ಬಂದಿತು. ೨೦೨೨ರಲ್ಲಿ ಕನ್ನಡ ಲಿಪಿಯಿಂದ ಕೊಂಕಣಿ ಮೊದಲಾದ ನುಡಿಗಳನ್ನು ಬರೆಯುವವರಿಗೆ ಬೇಕಾಗಿದ್ದ, ಅಕ್ಷರದ ಬಲಮೇಲ್ಗಡೆಯಲ್ಲಿ ನಿಲ್ಲುವ ಅನುಸ್ವಾರಚಿಹ್ನೆಯು ಬಂದಿತು.

ಇವುಗಳಲ್ಲಿ ನಕಾರಪೊಲ್ಲಿನ ವಿಚಾರವು ವಿಶೇಷವಾದುದು. 'ಪೊಲ್ಲು' ಎಂದರೆ ಸ್ವರವಿಲ್ಲದ ವ್ಯಂಜನ. ಹಿಂದಿನ ಕಾಲದ ಕನ್ನಡ ತೆಲುಗು ಶಾಸನಗಳಲ್ಲಿಯೂ ಓಲೆಗಳಲ್ಲಿಯೂ ಸ್ವರರಹಿತವಾದ ನಕಾರವನ್ನು ಬರೆಯುವದಕ್ಕೆ ಪ್ರತ್ಯೇಕವಾದ ಒಂದು ಆಕಾರವಿದ್ದಿತು. ಇಲ್ಲಿ ಪೂರ್ವಪಕ್ಷವು ಸಹಜವಾಗಿ ಹುಟ್ಟುವದು: ನಕಾರಕ್ಕೆ ಹಲಂತಚಿಹ್ನೆಯನ್ನು ಹಚ್ಚಿದರೆ 'ನ್' ಆಗುವದಷ್ಟೆ, ಅದಕ್ಕೆ ಬೇರೊಂದು ಸಂಖ್ಯೆಯು ಏಕೆ? ಇದು ಆಕಾರಭೇದವೇ ಹೊರತು ಅಕ್ಷರಭೇದವಲ್ಲ. ಅಕ್ಷರವಿನ್ಯಾಸವನ್ನು ಮಾಡುವವನು ನೋಡಿಕೊಳ್ಳಲಿ. ಸಿದ್ಧಾಂತಿಯ ಉತ್ತರವೂ ದುರ್ಬಲವಲ್ಲ: ಎರಡೂ ಆಕಾರಗಳ ಭೇದವನ್ನು ಪಾಠದಲ್ಲಿಯೇ ಉಳಿಸಬೇಕಾದಾಗ ಸಂಖ್ಯೆಯೊಂದೇ ಆದರೆ ಲಿಪಿಯ ಚರಿತ್ರೆಯನ್ನು ಕಲಿಯುವವನಿಗೆ ಯಂತ್ರದ ಪಾಠದಿಂದ ಏನೂ ತಿಳಿಯದು. ತೆಲುಗಿಗೂ ಕನ್ನಡಕ್ಕೂ ಒಂದೇ ಆವೃತ್ತಿಯಲ್ಲಿ ಈ ಅಕ್ಷರವು ಸೇರಿದುದರಿಂದ ಸಿದ್ಧಾಂತಪಕ್ಷವೇ ಗೆದ್ದಿತೆಂದು ಹೇಳಬೇಕು.

ಈ ವಾದಗಳು ನಡೆಯುವ ಕ್ರಮವು ಸಂಸ್ಕೃತಶಾಲೆಗಳಲ್ಲಿ ಕಲಿತವರಿಗೆ ಅಪರಿಚಿತವಾಗಿ ತೋರದು. ಹೊಸ ಅಕ್ಷರ ಬೇಕೆಂಬವನು ಯಾರೇ ಆಗಲಿ ಒಂದು ಪತ್ರವನ್ನು ಬರೆದು ಕಳಿಸಬಹುದು. ಪದವಿಯಾಗಲಿ ಅಧಿಕಾರವಾಗಲಿ ಬೇಕಿಲ್ಲ. ಆದರೆ ಪ್ರಮಾಣವು ಬೇಕು. ಹಳೆಯ ಅಚ್ಚಿನ ಹಾಳೆ, ಓಲೆಯ ಇಲ್ಲವೆ ಕಲ್ಲಿನ ಚಿತ್ರ, ವ್ಯಾಕರಣದ ಆಧಾರ ಇವುಗಳನ್ನು ತೋರಿಸಿ, ಇದೇ ಕೆಲಸವು ಈಗಿರುವ ಅಕ್ಷರಗಳಿಂದ ಆಗಲಾರದೆಂದು ಸಾಧಿಸಬೇಕು. ಮಂಡಲಿಯವರು ಆಕ್ಷೇಪಿಸುವರು, ಬರೆದವನು ಸಮಾಧಾನವನ್ನು ಬರೆಯುವನು, ಕೆಲವು ಸಲ ವರ್ಷಗಳು ಉರುಳುವವು. ವಿಷಯ, ಸಂಶಯ, ಪೂರ್ವಪಕ್ಷ, ಉತ್ತರ, ನಿರ್ಣಯವೆಂಬ ಅಧಿಕರಣದ ಐದು ಅಂಗಗಳೂ ಇಲ್ಲಿ ಕಾಣುವವು. ಪತ್ರಗಳೆಲ್ಲ ಬಹಿರಂಗವಾಗಿರುವದರಿಂದ ಸೋತ ಪಕ್ಷದ ವಾದವನ್ನು ಸಹ ಓದಬಹುದು. ಮೀಮಾಂಸಕರ ಗ್ರಂಥಗಳಲ್ಲಿ ಪೂರ್ವಪಕ್ಷವು ಉಳಿದುಬಂದದ್ದರಿಂದಲ್ಲವೆ ಸಿದ್ಧಾಂತದ ಬಲವು ತಿಳಿಯುವದು!

ಸಂಖ್ಯೆಯು ದೊರೆತ ಮಾತ್ರಕ್ಕೆ ಅಕ್ಷರವು ಹಾಳೆಯ ಮೇಲೆ ಮೂಡದು. 'ಎೞ್ಪತ್ತು' ಎಂಬಲ್ಲಿ ರಳದ ಕೆಳಗೆ ಪಕಾರವು ಒತ್ತಾಗಿ ನಿಲ್ಲಬೇಕು. 'ಅೞಿ' ಎಂಬಲ್ಲಿ ಗುಣಿತಚಿಹ್ನೆಯು ರಳದ ತಲೆಗೆ ಹೊಂದಬೇಕು. ಇದು ಅಕ್ಷರವಿನ್ಯಾಸದ ಕೆಲಸವು. ಮುಚ್ಚಿದ ತಂತ್ರಾಂಶದಲ್ಲಿ ತಪ್ಪು ಕಂಡರೆ ಒಡೆಯನಿಗೆ ಬಿನ್ನಹ ಮಾಡಿ ಕಾಯಬೇಕು. ಮುಕ್ತ ತಂತ್ರಾಂಶದಲ್ಲಿ, ಅಂದರೆ ಅದರ ಮೂಲಪಾಠವನ್ನು ಯಾರಾದರೂ ಓದಿ ತಿದ್ದಬಹುದಾದ ತಂತ್ರಾಂಶದಲ್ಲಿ, ದೂರೂ ಉತ್ತರವೂ ತಿದ್ದುಪಡಿಯೂ ಎಲ್ಲರ ಕಣ್ಣಮುಂದೆ ಆಗುವವು. 'ಗುಬ್ಬಿ', 'ನವಿಲು' ಎಂಬ ಮುಕ್ತ ಅಕ್ಷರವಿನ್ಯಾಸಗಳು ಈ ಎರಡನೆಯ ವರ್ಗದವು. ಕಿನ್ನಿಕಂಬಳ ಪದ್ಮನಾಭರಾಯರು ಕನ್ನಡಕ್ಕಾಗಿ ರಚಿಸಿದ ಕೀಲಿಮಣೆಯ ವಿನ್ಯಾಸವು ಎಲ್ಲರ ಬಳಕೆಗೆ ತೆರೆದುದಾಗಿದ್ದುದರಿಂದಲೇ 'ನುಡಿ' ಮೊದಲಾದ ತಂತ್ರಾಂಶಗಳಿಗೆ ಅಷ್ಟು ಸುಲಭವಾಗಿ ಆಧಾರವಾಯಿತು.

ಬಳಸುವವರ ದೂರಿನಿಂದ ಆದ ಉಪಕಾರಕ್ಕೆ ಅರ್ಕಾವತ್ತಿನ ದೃಷ್ಟಾಂತವು ಒಂದೇ ಸಾಕು. ಕನ್ನಡದಲ್ಲಿ ರೇಫವು ಮುಂದಿನ ವ್ಯಂಜನಕ್ಕೆ ಸೇರುವಾಗ 'ಸೂರ್ಯ' ಎಂದು ಅರ್ಕಾವತ್ತಿನಿಂದಲೂ, 'ಸೂರ‍್ಯ' ಎಂದು ಒತ್ತಿನಿಂದಲೂ ಬರೆಯುವ ಎರಡು ರೂಢಿಗಳುಂಟು. ಯಂತ್ರವು ಮೊದಲನೆಯದನ್ನು ಮಾತ್ರ ಬಲ್ಲುದಾಗಿದ್ದಿತು. ಸಂಸ್ಕೃತಶಬ್ದಗಳಲ್ಲಿ ಇದು ನಡೆದುಹೋಗುವದು. 'ರ‍್ಯಾಂಕು' ಎಂಬ ಆಂಗ್ಲ ಶಬ್ದವನ್ನು ಬರೆಯಹೋದರೆ ಶಬ್ದದ ಮೊದಲಿನ ರೇಫವು ಹಾರಿ ಯಕಾರದ ಹಿಂದೆ ಅರ್ಕಾವತ್ತಾಗಿ ಕುಳಿತು ಓದುವವನನ್ನು ಬೆರಗುಗೊಳಿಸುವದು. ಪತ್ರಿಕೆಯವರೂ ಶಾಲೆಯವರೂ ದೂರಿದರು. ಕೊನೆಗೆ ರೇಫಕ್ಕೂ ಹಲಂತಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕಚಿಹ್ನೆಯನ್ನಿಟ್ಟರೆ ರೇಫವು ಸ್ಥಾನವನ್ನು ಬಿಡಬಾರದೆಂದು ನಿರ್ಣಯವಾಯಿತು. ಕಾಣದ ಅಕ್ಷರವನ್ನು ಬರೆಯಿರೆಂದು ಶಾಲೆಯ ಹುಡುಗನಿಗೆ ಕಲಿಸುವದು ಕಷ್ಟವೇ. ಆದರೂ ಎರಡು ರೂಢಿಗಳಲ್ಲಿ ಒಂದನ್ನು ಕೊಲ್ಲುವದಕ್ಕಿಂತ ಇದು ಮೇಲು.

ಪರದೇಶದಲ್ಲಿಯೂ ಈ ಮಾತಿಗೆ ನಿದರ್ಶನವುಂಟು. ಅಮೇರಿಕೆಯ ಗಣಿತಜ್ಞ ಡೊನಾಲ್ಡ್ ಕ್ನೂಥರು ತಮ್ಮ ಗ್ರಂಥದ ಎರಡನೆಯ ಸಂಪುಟದ ಕರಡುಗಳ ಕುರೂಪವನ್ನು ಕಂಡು ಬೇಸತ್ತು, ೧೯೭೭-೭೮ರಲ್ಲಿ 'ಟೆಕ್' ಎಂಬ ಮುದ್ರಣತಂತ್ರಾಂಶವನ್ನು ಸ್ವತಃ ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ತಪ್ಪನ್ನು ತೋರಿಸಿದವರಿಗೆ ಹಣದ ಚೆಕ್ಕನ್ನು ಕಳಿಸುವ ವ್ರತವನ್ನೂ ಕೈಕೊಂಡರು. ಗ್ರಂಥವು ಪೂರ್ಣವಾಯಿತು, ಇನ್ನು ಮುಟ್ಟುವದಿಲ್ಲವೆಂದು ಅವರು ನಿಶ್ಚಯಿಸಿದ್ದ ಮೇಲೆ, ೧೯೮೯ರಲ್ಲಿ ಸ್ಟಾನ್‌ಫರ್ಡಿನಲ್ಲಿ ಬಳಕೆದಾರರು ಕೂಡಿದಾಗ ಯೂರೋಪಿನವರು ತಮ್ಮ ನುಡಿಗಳ ಚಿಹ್ನೆಸಹಿತ ಅಕ್ಷರಗಳಿಗೆ ಆ ಉಪಕರಣದಲ್ಲಿ ಎಡೆ ಸಾಲದೆಂದು ವಾದಿಸಿದರು. ಕ್ನೂಥರು ಒಪ್ಪಿ ಮೂರನೆಯ ಆವೃತ್ತಿಯನ್ನು ಸಿದ್ಧಮಾಡಿದರು. ಅಕ್ಷರಗಳ ಎಡೆಯು ೧೨೮ರಿಂದ ೨೫೬ಕ್ಕೆ ಏರಿತು. ಮೂಲವು ತೆರೆದಿದ್ದುದರಿಂದಲೇ ಜೋನಾಥನ್ ಕ್ಯೂ ಎಂಬವರು ೨೦೦೪ರಲ್ಲಿ ಅದರ ಮೇಲೆ ಯುನಿಕೋಡನ್ನು ಬಲ್ಲ 'ಝೀಟೆಕ್' ಎಂಬುದನ್ನು ಕಟ್ಟಲಾಯಿತು, ಮತ್ತು ಕನ್ನಡ ಲಿಪಿಯ ಶಾಸ್ತ್ರಗ್ರಂಥಗಳೂ ಆ ಮಾರ್ಗದಿಂದ ಅಚ್ಚಿಗೆ ಸಿದ್ಧವಾಗುವಂತಾಯಿತು.

ತೆರೆದಿಡುವದರ ಬೆಲೆಯನ್ನು ತಿಳಿಯಬೇಕಾದವರಿಗೆ ನರಗುಂದವು ದೂರವಲ್ಲ. ಅಲ್ಲಿಯ ಅರಸನಾದ ಭಾಸ್ಕರರಾವ್ ಬಾಬಾಸಾಹೇಬನಲ್ಲಿ ಸಾವಿರಾರು ಸಂಸ್ಕೃತಗ್ರಂಥಗಳ ಭಂಡಾರವಿದ್ದಿತೆಂದು ಪ್ರಸಿದ್ಧಿಯುಂಟು. ೧೮೫೮ರ ಮೇ ೨೯ರಂದು ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯ ವಧೆಯಾಯಿತು. ಕೆಲವೇ ದಿನಗಳಲ್ಲಿ ಕೋಟೆಯು ಇಂಗ್ಲಿಷರ ವಶವಾಯಿತು. ಜೂನ್ ೧೨ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಸಂಸ್ಥಾನದೊಡನೆ ಭಂಡಾರವೂ ಹೋಯಿತು. ಅರಸನ ಅಭಿರುಚಿಯಲ್ಲಿ ಕೊರತೆಯಿರಲಿಲ್ಲ. ಪ್ರತಿಗಳು ಒಂದೇ ಸೂರಿನ ಕೆಳಗಿದ್ದುವೆಂಬದೇ ಕೊರತೆ.

ಇಂದು ಈ ಕೊರತೆಯನ್ನು ನೀಗುವ ಕೆಲಸವು ಹಲವು ಕಡೆ ನಡೆದಿರುವದು. 'ವಚನ ಸಂಚಯ'ದಲ್ಲಿ ಸುಮಾರು ೨೧,೦೦೦ ವಚನಗಳು ಪದಪದವಾಗಿ ಹುಡುಕಲು ಸಿಗುವವು. ಮೈಸೂರು ವಿಶ್ವವಿದ್ಯಾಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ೨೦೧೪ರಲ್ಲಿ ಮುಕ್ತ ಪರವಾನಗಿಯಿಂದ ಬಿಟ್ಟುಕೊಟ್ಟಿತು. ವಿಕಿಸೋರ್ಸ್ ಎಂಬ ಗ್ರಂಥಭಂಡಾರದಲ್ಲಿ ಪುಟದ ಚಿತ್ರವು ಒಂದು ಮಗ್ಗುಲಿಗೂ ಅಕ್ಷರಪಾಠವು ಇನ್ನೊಂದು ಮಗ್ಗುಲಿಗೂ ನಿಲ್ಲುವದು. ತಿದ್ದದ ಪುಟಕ್ಕೆ ಕೆಂಪು, ಒಬ್ಬನು ತಿದ್ದಿದುದಕ್ಕೆ ಹಳದಿ, ಇನ್ನೊಬ್ಬನು ಒಪ್ಪಿದುದಕ್ಕೆ ಹಸುರು ಬಣ್ಣವು. ಒಬ್ಬನೇ ತಿದ್ದಿ ಒಬ್ಬನೇ ಒಪ್ಪುವಂತಿಲ್ಲ. ಪ್ರತಿಯೊಂದು ಪುಟಕ್ಕೂ 'ಚರ್ಚೆ' ಎಂಬ ಬೇರೊಂದು ಹಾಳೆಯುಂಟು. ಸಂಶಯಗಳು ಅಲ್ಲಿ ದಾಖಲಾಗುವವು. ಹಿಂದೆ ಓಲೆಯನ್ನು ನಕಲು ಮಾಡುವಾಗ ಒಬ್ಬನು ಓದಿ ಇನ್ನೊಬ್ಬನು ಮೂಲವನ್ನು ನೋಡುತ್ತಿದ್ದ ಪದ್ಧತಿಯೇ ಇದು.

೧೯೪೦ರ ಶಾಸನಸಂಪುಟವು ಸರಕಾರದ ಪ್ರಕಟನೆಯಾದುದರಿಂದ, ಭಾರತದ ಕಾಯಿದೆಯ ಮೇರೆಗೆ ಅರವತ್ತು ವರ್ಷಗಳು ತುಂಬಿ, ೨೦೦೧ರ ಆರಂಭದಿಂದ ಅದು ಸರ್ವರ ಸೊತ್ತಾಗಿದೆ. ಅದರ ಪಾಠಕ್ಕೆ ಬೇಕಾದ ಱಕಾರ ೞಕಾರಗಳಿಗೆ ಸಂಖ್ಯೆಗಳುಂಟು. ಉಳಿಯುವದು ಒಂದು ತೊಡಕು. ಅಚ್ಚಾದುದನ್ನು ಅಚ್ಚಾದಂತೆಯೇ ಇಳಿಸಬೇಕೆಂಬದು ವಿಕಿಸೋರ್ಸಿನ ನಿಯಮವು. ಕಾವ್ಯಕ್ಕೂ ಶಾಸ್ತ್ರಕ್ಕೂ ಇದು ಯೋಗ್ಯವೇ. ಶಾಸನಕ್ಕಾದರೋ ಅಚ್ಚಿನ ಪುಸ್ತಕವು ಮೂಲವಲ್ಲ, ಕಲ್ಲು ಮೂಲವು. ಸಂಪಾದಕರು ಳಕಾರವೆಂದು ಓದಿದಲ್ಲಿ ಕಲ್ಲಿನ ಮೇಲೆ ರಳವಿದ್ದರೆ, ಪುಸ್ತಕದ ಚಿತ್ರವು ತಪ್ಪನ್ನೇ ಸಮರ್ಥಿಸುವದು. ಅದರಿಂದ ಶಾಸನಗಳ ಮಟ್ಟಿಗೆ ಪುಟದ ಚಿತ್ರದೊಡನೆ ಕಲ್ಲಿನ ಅಚ್ಚುಪಡಿಯ ಚಿತ್ರವೂ ಮಗ್ಗುಲಲ್ಲಿ ನಿಲ್ಲುವಂತೆ ಉಪಕರಣವನ್ನು ಮಾರ್ಪಡಿಸುವದು ಅವಶ್ಯವು. ಸೂಡಿಯ ಕಲ್ಲುಗಳು ಬಿಸಿಲುಮಳೆಗೆ ಮೈಯೊಡ್ಡಿ ನಿಂತಿವೆ. ಅವುಗಳ ಅಕ್ಷರಗಳು ಇಂದು ಇದ್ದಷ್ಟು ಸ್ಫುಟವಾಗಿ ಮುಂದೆ ಇರಲಾರವು.